ಯಾರ ಕಣ್ಣೆದುರು ಬದುಕುತ್ತೀ?

ಮಗೂ, ಊರಿನಿಂದ ಮುಂಬಯಿಗೆ ಬಂದು ಕೆಲಸಕ್ಕೆ ಸೇರಿದ್ದೀಯೆ. ಬಾಡಿಗೆ ಕರಾರು ಹೇಗೆ ಮಾಡಿಸಬೇಕು, ವಿರಾರ್ ಫಾಸ್ಟಿಗೆ ಹತ್ತಿದವರು ನಡುವೆ ಇಳಿಯಲು ಯಾಕೆ ಪರದಾಡುತ್ತಾರೆ ಎಂಬುದನ್ನೆಲ್ಲ ಹೇಳಿಕೊಡಲು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿಯೇ ಆಯುಷ್ಯ ಸವೆಸಿದ ನಾನು ಬೇರೆ ಒಂದು ಮಾತು ಹೇಳುತ್ತೇನೆ. ಈ ಊರಿನಲ್ಲಿ ನಿನ್ನನ್ನು ನೋಡುವ ಕಣ್ಣುಗಳ ಬಗ್ಗೆ.

ಬೆಳಗ್ಗೆ ಬಾಗಿಲು ತೆರೆದರೆ ಎದುರು ಫ್ಲ್ಯಾಟಿನವರ ಕ್ಯಾಮೆರಾ. ಲಿಫ್ಟಿನಲ್ಲಿ ಇನ್ನೊಂದು. ಗೇಟಿನಲ್ಲಿ ವಾಚ್‌ಮನ್ ಮತ್ತು ಅವನ ರಿಜಿಸ್ಟರು. 2008ರ ನವೆಂಬರ್ 26ರ ದಾಳಿಯ ನಂತರ ನಗರಕ್ಕೆಲ್ಲ ಕ್ಯಾಮೆರಾ ಹಾಕಬೇಕೆಂದು ಸರಕಾರ ತೀರ್ಮಾನಿಸಿತು. 2015-16ರ ಹೊತ್ತಿಗೆ ಪೊಲೀಸರ ಕ್ಯಾಮೆರಾಗಳೇ ಐದು ಸಾವಿರದ ಹತ್ತಿರ ಬಂದವು. ಸ್ಟೇಷನ್ನು, ಮಾಲು, ಅಂಗಡಿಗಳದ್ದು ಬೇರೆ. ಆಫೀಸಿನಲ್ಲಿ ಕಾರ್ಡು ಒತ್ತಿದ ಗಳಿಗೆ ದಾಖಲಾಗುತ್ತದೆ. ಸೊಸಾಯಿಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರ ಮನೆಗೆ ಎಷ್ಟು ಹೊತ್ತಿಗೆ ಯಾರು ಬಂದರು ಎಂಬ ಚರ್ಚೆ ನಡೆಯುತ್ತದೆ. ಇವೆಲ್ಲ ಸಾಲದೆಂಬಂತೆ ನಿನ್ನ ಕೈಯ ಫೋನಿನೊಳಗೆ ನೀನೇ ಕರೆದು ಕೂರಿಸಿಕೊಂಡ ಕಣ್ಣುಗಳು ಇನ್ನಷ್ಟು. ಇವುಗಳಿಂದ ತಪ್ಪಿಸಿಕೊಂಡು ಬದುಕುತ್ತೇನೆ ಎಂದರೆ ಆಗುವುದಿಲ್ಲ. ಎಲ್ಲಕ್ಕೂ ಒಪ್ಪಿಗೆಯಾಗುವಂತೆ ಬದುಕುತ್ತೇನೆ ಎಂದು ಹೊರಟರೆ ನಿನಗೆಂದು ಏನೂ ಉಳಿಯುವುದಿಲ್ಲ. ಯಾವ ಕಣ್ಣಿಗೆ ಮನಸ್ಸಿನೊಳಗೆ ಜಾಗ ಕೊಡಬೇಕು, ಯಾವುದನ್ನು ಹೊಸ್ತಿಲಾಚೆಯೇ ನಿಲ್ಲಿಸಬೇಕು ಎಂದು ಆರಿಸುವ ಹಕ್ಕು ಮಾತ್ರ ನಿನ್ನದು. ಅದನ್ನು ಯಾರಿಗೂ ಬಿಟ್ಟುಕೊಡಬೇಡ.

ಇದನ್ನು ಹೇಳಲು ನಾನು ರೋಮಿನ ಕತೆಗಳಿಗೆ ಹೋಗುತ್ತೇನೆ. ಅದೇನೂ ನಮಗೆ ಸಂಬಂಧವಿಲ್ಲದ ಊರಲ್ಲ. ವೆಸ್ಟರ್ನ್ ಲೈನಿನ ನಾಲಾಸೋಪಾರಾ, ಸೆಂಟ್ರಲ್ ಲೈನಿನ ಕಲ್ಯಾಣ ಎರಡೂ ಎರಡು ಸಾವಿರ ವರ್ಷದ ಹಿಂದೆ ಬಂದರುಗಳಾಗಿದ್ದವು. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಕಡಲ ವ್ಯಾಪಾರಿಗಳ ಕೈಪಿಡಿಯಲ್ಲಿ ಸುಪ್ಪಾರ, ಕಲ್ಲಿಯೇನ ಎಂದು ಇವುಗಳ ಹೆಸರಿದೆ. ಕಲ್ಯಾಣದ ಬಂದರಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಿದ್ದರು ಎಂದೂ ಅದೇ ಪುಸ್ತಕ ಹೇಳುತ್ತದೆ. ನೋಡು, ಕಾವಲುಗಣ್ಣು ಈ ಕರಾವಳಿಗೆ ಹೊಸತಲ್ಲ. ಆ ಹಡಗುಗಳ ಹಿಂದೆ ಇದ್ದ ರೋಮ್ ಸಾಮ್ರಾಜ್ಯದಲ್ಲಿ ನೋಡುವುದು, ನೋಡಿಸಿಕೊಳ್ಳುವುದು ಎರಡೂ ದಿನನಿತ್ಯದ ರಾಜಕೀಯವಾಗಿತ್ತು. ಕಣ್ಣಿನ ಬಲವನ್ನು ಅಷ್ಟು ಹತ್ತಿರದಿಂದ ಕಂಡು ಬರೆದಿಟ್ಟವರು ಕಡಿಮೆ.

ರೋಮನರಲ್ಲಿ ದೊಡ್ಡ ಮನುಷ್ಯನ ಮನೆ ಎಂದರೆ ಬಾಗಿಲು ತೆರೆದಿರುವ ಮನೆ. ಬೆಳಕು ಹರಿಯುವ ಹೊತ್ತಿಗೆ ಆಶ್ರಿತರೆಲ್ಲ ಬಂದು ನಡುಮನೆಯಲ್ಲಿ ನಿಂತು ಯಜಮಾನನಿಗೆ ನಮಸ್ಕಾರ ಹೇಳಬೇಕು. ಎಷ್ಟು ಜನ ಬಂದು ನಿಂತರು ಎಂಬುದರಿಂದ ಅವನ ತೂಕ ಊರಿಗೆ ಗೊತ್ತಾಗುತ್ತಿತ್ತು. ಸಾಮ್ರಾಟರ ಕಾಲಕ್ಕೂ ಮೊದಲು ಲಿವಿಯಸ್ ಡ್ರೂಸಸ್ ಎಂಬ ರಾಜಕಾರಣಿ ಪಲಟೈನ್ ಗುಡ್ಡದ ಮೇಲೆ ಮನೆ ಕಟ್ಟಿಸುತ್ತಿದ್ದ. ಹೊರಗಿನವರ ದೃಷ್ಟಿ ಒಂದಿಷ್ಟೂ ಬೀಳದಂತೆ ಕಟ್ಟಿಕೊಡುತ್ತೇನೆ ಎಂದು ಮೇಸ್ತ್ರಿ ಹೇಳಿದನಂತೆ. ನಿನಗೆ ಅಷ್ಟು ಜಾಣ್ಮೆ ಇದ್ದರೆ ನಾನು ಮಾಡುವುದೆಲ್ಲ ಎಲ್ಲರಿಗೂ ಕಾಣುವಂತೆ ಕಟ್ಟು ಎಂದು ಡ್ರೂಸಸ್ ಉತ್ತರ ಕೊಟ್ಟನಂತೆ. ಟೈಬೀರಿಯಸ್ ಸಾಮ್ರಾಟನ ಕಾಲದ ಇತಿಹಾಸಕಾರ ವೆಲ್ಲೇಯಸ್ ಇದನ್ನು ಬರೆದಿಟ್ಟಿದ್ದಾನೆ. ಅದೇ ಡ್ರೂಸಸ್ ಕ್ರಿ.ಪೂ. 91ರಲ್ಲಿ ಅದೇ ಮನೆಯಲ್ಲಿ ಇರಿತಕ್ಕೆ ಸಿಕ್ಕಿ ಸತ್ತ. ಜನಜಂಗುಳಿಯ ನಡುವೆ ಇರಿದವನು ಯಾರೆಂದು ಗೊತ್ತಾಗಲೇ ಇಲ್ಲ. ಎಲ್ಲರೂ ನೋಡುತ್ತಿದ್ದಾರೆ ಎಂದ ಮಾತ್ರಕ್ಕೆ ಯಾರಾದರೂ ಕಾಯುತ್ತಿದ್ದಾರೆ ಎಂದಾಗುವುದಿಲ್ಲ, ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೋ.

ಮುಂಬಯಿಯಲ್ಲಿ ಬಾಗಿಲು ತೆರೆದಿಟ್ಟು ಬದುಕಿದವರು ಚಾಳಿನವರು. ವರಳಿ, ನಾಯ್ಗಾಂವ್, ಶಿವಡಿ, ಎನ್.ಎಂ. ಜೋಶಿ ಮಾರ್ಗದ ಬಿಡಿಡಿ ಚಾಳುಗಳನ್ನು 1920ರ ದಶಕದಲ್ಲಿ ಬ್ರಿಟಿಷರು ಕಟ್ಟಿಸಿದರು. ಒಂದು ಖೋಲಿ 160 ಚದರಡಿ. ಅದರಲ್ಲೇ ಅಡಿಗೆ, ಊಟ, ನಿದ್ದೆ, ಬಾಣಂತನ. ಶೌಚಾಲಯ ಮಹಡಿಗೆಲ್ಲ ಸೇರಿ ಒಂದು ಕಡೆ. ಬಕೆಟ್ ಹಿಡಿದು ಹೋಗುವವರನ್ನು ಉಳಿದ ಮನೆಯವರೆಲ್ಲ ನೋಡುತ್ತಾರೆ. ನಾನು ಬೆಳೆದದ್ದೂ ಅಂಥದೇ ಒಂದು ಚಾಳಿನಲ್ಲಿ. ಹುಡುಗ ಬೀಡಿ ಸೇದಿದರೆ ಅವನು ಮೆಟ್ಟಿಲು ಹತ್ತುವ ಮೊದಲೇ ಸುದ್ದಿ ಅವನ ತಾಯಿಗೆ ಮುಟ್ಟಿರುತ್ತಿತ್ತು. ಹುಡುಗಿ ಶಾಲೆ ಬಿಟ್ಟು ಹತ್ತು ನಿಮಿಷ ತಡವಾಗಿ ಬಂದರೆ ಅದಕ್ಕೂ ಲೆಕ್ಕ. ಅದೇ ಕಣ್ಣುಗಳು, ಮೂರನೆಯ ಖೋಲಿಯ ಅಜ್ಜಿ ಬೆಳಗ್ಗೆ ನೀರು ಹಿಡಿಯಲು ಬರಲಿಲ್ಲ ಎಂದು ಗುರುತಿಸಿ ಬಾಗಿಲು ತಟ್ಟಿದವು. ಜ್ವರ ಬಂದ ಮಗುವನ್ನು ಕೆ.ಇ.ಎಂ. ಆಸ್ಪತ್ರೆಗೆ ಎತ್ತಿಕೊಂಡು ಓಡಿದವು. ಎರಡೂ ನಿಜ.

ಚಾಳಿನ ಬದುಕನ್ನು ಹೊಗಳಿ ಬರೆಯುವವರು ಈಗ ಬಹಳ ಇದ್ದಾರೆ. ಆ ಹೊಗಳಿಕೆಯನ್ನು ಪೂರ್ತಿ ನಂಬಬೇಡ. ಮದುವೆಯಾಗಿ ಬಂದ ಸೊಸೆಯನ್ನು ಕೇಳು. ಗಂಡನೊಡನೆ ನಾಲ್ಕು ಮಾತಾಡಲು ಚೌಪಾಟಿಯವರೆಗೆ ಹೋಗಬೇಕಾಗಿದ್ದ ಆ ಹೆಂಗಸಿಗೆ ಬಾಗಿಲು ಹಾಕಿಕೊಳ್ಳುವುದು ಎಂಥ ಐಶ್ವರ್ಯವೆಂದು ಗೊತ್ತು. ಡ್ರೂಸಸ್ ತನ್ನ ಮನೆಯನ್ನು ತಾನೇ ಇಷ್ಟಪಟ್ಟು ತೆರೆದಿಟ್ಟ. ಚಾಳಿನ ಗಿರಣಿ ಕಾರ್ಮಿಕನನ್ನು ಯಾರೂ ಕೇಳಿರಲಿಲ್ಲ. 2025ರ ಆಗಸ್ಟಿನಲ್ಲಿ ವರಳಿಯ ಬಿಡಿಡಿ ಚಾಳಿನ ಮೊದಲ ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಗಳ ಕೀಲಿಕೈ ಕೊಟ್ಟಾಗ ನನಗೆ ಸಂತೋಷವೇ ಆಯಿತು. ಬಾಗಿಲು ಹಾಕಿಕೊಳ್ಳುವ ಹಕ್ಕು ದೊಡ್ಡದು. ಆ ಹಕ್ಕನ್ನು ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಕೇಳಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ನಿನ್ನ ಫೋನನ್ನು ತೋರಿಸು ಎಂದು ಸ್ನೇಹಿತನೋ ಗೆಳತಿಯೋ ಮನೆಯ ಮಾಲೀಕನೋ ಕೇಳಿದರೆ, ತೋರಿಸುವುದಿಲ್ಲ ಎನ್ನಲು ನಿನಗೆ ಸಂಕೋಚ ಬೇಡ. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೂ ಬೇಡ ಎನ್ನಬಹುದು.

ನಮ್ಮ ಕರಾವಳಿಯ ಹುಡುಗರು ಹನ್ನೆರಡು ಹದಿಮೂರರ ವಯಸ್ಸಿಗೆ ಇಲ್ಲಿಗೆ ಬಂದು ಹೋಟೆಲುಗಳಲ್ಲಿ ಮಾಣಿಗಳಾಗಿ ದುಡಿದವರು. ಅವರ ಮೇಲೆ ಇದ್ದದ್ದು ಗಲ್ಲಾದ ಕಣ್ಣು. ಉಡುಪಿ ಹೋಟೆಲಿಗೆ ಹೋದಾಗ ಗಮನಿಸು. ಬಾಗಿಲಿನ ಪಕ್ಕ ಒಂದಿಷ್ಟು ಎತ್ತರದಲ್ಲಿ ಗಲ್ಲಾ ಇರುತ್ತದೆ. ಅಲ್ಲಿ ಕುಳಿತವನಿಗೆ ಬರುವ ಗಿರಾಕಿ, ಹೋಗುವ ಗಿರಾಕಿ, ಅಡುಗೆಮನೆಯ ಬಾಗಿಲು, ಪ್ರತಿಯೊಂದು ಮೇಜು ಒಂದೇ ನೋಟಕ್ಕೆ ಸಿಗಬೇಕು. ಲೋಟ ತೊಳೆಯುವ ಹುಡುಗ ಸುಸ್ತಾಗಿ ಗೋಡೆಗೆ ಒರಗಿದರೆ ಗಲ್ಲಾದಿಂದ ಕೂಗು ಬರುತ್ತಿತ್ತು. ಅದೇ ಹುಡುಗರು ರಾತ್ರಿ ಕೈ ಒರೆಸಿಕೊಂಡು ಶಾಲೆಗೆ ಓಡುತ್ತಿದ್ದರು. ಮೊಗವೀರರು 1908ರಲ್ಲಿ ಶುರುಮಾಡಿದ ರಾತ್ರಿಶಾಲೆಯಿಂದ ಹಿಡಿದು ಎಷ್ಟೋ ಕನ್ನಡ ರಾತ್ರಿಶಾಲೆಗಳು ಫೋರ್ಟ್, ಮಾಟುಂಗದ ಸುತ್ತಮುತ್ತ ನಡೆದವು. ಅಲ್ಲಿಯ ಮೇಷ್ಟ್ರ ಕಣ್ಣೂ ಕಟ್ಟುನಿಟ್ಟೇ. ಆದರೆ ತೂಕಡಿಸುವ ಹುಡುಗನನ್ನು ಕಂಡಾಗ ಅವರು, ಇವನು ಎಷ್ಟು ಹೊತ್ತಿಗೆ ಎದ್ದಿರಬೇಕು ಎಂದು ಯೋಚಿಸುತ್ತಿದ್ದರು. ಇಬ್ಬರೂ ನೋಡಿದ್ದು ಒಬ್ಬನೇ ಹುಡುಗನನ್ನು, ಅವನ ಅದೇ ಆಯಾಸವನ್ನು. ಗಲ್ಲಾಕ್ಕೆ ಕಂಡದ್ದು ಕೆಲಸದ ನಷ್ಟ. ಮೇಷ್ಟ್ರಿಗೆ ಕಂಡದ್ದು ಮಗು. ನಿನ್ನನ್ನು ನೋಡುವವರು ಈ ಇಬ್ಬರಲ್ಲಿ ಯಾರ ಸಾಲಿಗೆ ಸೇರಿದವರು ಎಂದು ಗುರುತಿಸುವುದನ್ನು ಬೇಗ ಕಲಿ.

ಈಗ ಸಾಮ್ರಾಟರ ಕಡೆಗೆ ಬರುತ್ತೇನೆ. ರೋಮಿನ ರಂಗಮಂದಿರದಲ್ಲಿ ಯಾರು ಎಲ್ಲಿ ಕೂರಬೇಕೆಂದು ಅಗಸ್ಟಸ್ ನಿಯಮ ಮಾಡಿದ. ಮುಂದಿನ ಸಾಲು ಸೆನೆಟರುಗಳಿಗೆ. ಮದುವೆಯಾದ ಗಂಡಸರಿಗೆ ಒಂದು ಕಡೆ, ಬಾಲಕರಿಗೆ ಒಂದು ಕಡೆ, ಅವರ ಪಕ್ಕದಲ್ಲೇ ಅವರ ಶಿಕ್ಷಕರು. ಹೆಂಗಸರೆಲ್ಲ ತೀರ ಮೇಲೆ, ಹಿಂದೆ. ಇಡೀ ಸಮಾಜ ತನ್ನನ್ನು ತಾನೇ ನೋಡಿಕೊಳ್ಳುವ ಜಾಗ ಅದು, ಮತ್ತು ಎಲ್ಲರೂ ಸಾಮ್ರಾಟನನ್ನು ನೋಡುವ ಜಾಗ. ಜೂಲಿಯಸ್ ಸೀಸರ್ ಆಟ ನಡೆಯುವಾಗ ಕಾಗದಪತ್ರ ಓದುತ್ತ ಕೂರುತ್ತಿದ್ದನೆಂದು ಜನ ಮುನಿಸಿಕೊಂಡಿದ್ದರು. ಅದನ್ನು ನೆನಪಿಟ್ಟ ಅಗಸ್ಟಸ್ ಆಟಕ್ಕೆ ಬಂದರೆ ಮನಸ್ಸಿಟ್ಟು ನೋಡುತ್ತಿದ್ದ. ತನ್ನ ಕಣ್ಣಿನಲ್ಲಿ ದೈವಿಕ ತೇಜಸ್ಸಿದೆ ಎಂದು ಜನ ಭಾವಿಸಿದರೆ ಅವನಿಗೆ ಬಹಳ ಇಷ್ಟ. ಅವನು ದಿಟ್ಟಿಸಿದಾಗ ಎದುರಿಗಿದ್ದವನು ಸೂರ್ಯನ ಮುಂದೆ ನಿಂತವನಂತೆ ತಲೆ ತಗ್ಗಿಸಿದರೆ ಹಿಗ್ಗುತ್ತಿದ್ದ ಎಂದು ಅವನ ಚರಿತ್ರೆ ಬರೆದ ಸ್ವಿಟೋನಿಯಸ್ ಹೇಳುತ್ತಾನೆ.

ನೀರೋ ಇನ್ನೂ ಮುಂದೆ ಹೋದ. ತಾನೇ ವೇದಿಕೆ ಹತ್ತಿ ಹಾಡಿದ. ಅವನು ಹಾಡುವಾಗ ಎಂಥ ತುರ್ತಿದ್ದರೂ ಯಾರೂ ಎದ್ದು ಹೋಗುವಂತಿಲ್ಲ. ಹೆಂಗಸರು ಅಲ್ಲೇ ಹೆತ್ತರೆಂದೂ, ಕೇಳಿ ಸಾಕಾದವರು ಗೋಡೆ ಹಾರಿದರೆಂದೂ, ಸತ್ತಂತೆ ನಟಿಸಿ ಹೊರಗೆ ಹೊರಿಸಿಕೊಂಡು ಹೋದರೆಂದೂ ಬರೆದಿದ್ದಾರೆ. ಪ್ರೇಕ್ಷಕರ ನಡುವೆ ಅವನ ಬೇಹಿನವರು ಇದ್ದರು. ಕೆಲವರು ಬಹಿರಂಗವಾಗಿ, ಹಲವರು ಮರೆಯಲ್ಲಿ. ಯಾರು ಬಂದಿದ್ದಾರೆ, ಯಾರ ಮುಖದಲ್ಲಿ ಉತ್ಸಾಹವಿದೆ, ಯಾರದ್ದು ಬಾಡಿದೆ ಎಂದು ಗುರುತು ಹಾಕಿಕೊಳ್ಳುವುದು ಅವರ ಕೆಲಸ. ಇದನ್ನು ಬರೆದವನು ಇತಿಹಾಸಕಾರ ಟ್ಯಾಸಿಟಸ್. ವೆಸ್ಪೇಷಿಯನ್ ಎಂಬ ಸೇನಾನಿ ನೀರೋನ ಹಾಡಿನ ನಡುವೆ ನಿದ್ದೆಹೋಗಿ ಆಸ್ಥಾನಕ್ಕೆ ಕಾಲಿಡದಂತೆ ಆಯಿತು. ಕೊನೆಗೆ 68ರಲ್ಲಿ ಎಲ್ಲರೂ ಕೈಬಿಟ್ಟು ನೀರೋ ಆತ್ಮಹತ್ಯೆ ಮಾಡಿಕೊಂಡ. ಮರುವರ್ಷ ಸಿಂಹಾಸನ ಏರಿದವನು ಅದೇ ವೆಸ್ಪೇಷಿಯನ್.

ಅವನ ಮಗ ಡೊಮಿಷಿಯನ್‌ಗೆ ಬೆನ್ನ ಹಿಂದಿನ ಭಯ. ತಾನು ಅಡ್ಡಾಡುವ ಪಡಸಾಲೆಯ ಗೋಡೆಗಳಿಗೆ ಕನ್ನಡಿಯಂತೆ ಹೊಳೆಯುವ ಕಲ್ಲು ಹಾಕಿಸಿದ್ದ, ಹಿಂದೆ ಯಾರು ಬಂದರೂ ಕಾಣಲಿ ಎಂದು. 96ರ ಸೆಪ್ಟೆಂಬರಿನಲ್ಲಿ ಅವನನ್ನು ಕೊಂದವನು ಹಿಂದಿನಿಂದ ಬರಲೇ ಇಲ್ಲ. ಕೈಗೆ ಪೆಟ್ಟಾಗಿದೆಯೆಂದು ಪಟ್ಟಿ ಕಟ್ಟಿಕೊಂಡು, ಪಟ್ಟಿಯೊಳಗೆ ಕತ್ತಿ ಇಟ್ಟುಕೊಂಡು, ಕಾಗದ ಕೊಡುವ ನೆಪದಲ್ಲಿ ಎದುರಿಗೇ ಬಂದ. ಅದಕ್ಕೂ ಮೊದಲು ಟೈಬೀರಿಯಸ್ ಕಾಲದಲ್ಲಿ, 28ನೇ ಇಸವಿಯಲ್ಲಿ, ಸಬೀನಸ್ ಎಂಬವನ ಮನಸ್ಸಿನ ಮಾತು ಹೊರಡಿಸಲು ಒಬ್ಬ ಸ್ನೇಹದ ನಾಟಕ ಆಡಿದರೆ, ಮೂವರು ಸೆನೆಟರುಗಳು ಅಟ್ಟದಲ್ಲಿ ಬೋರಲು ಮಲಗಿ ಸಂದಿಗಳಿಗೆ ಕಿವಿಯಿಟ್ಟು ಕೇಳಿದರು. ಸಬೀನಸ್‌ಗೆ ಮರಣದಂಡನೆಯಾಯಿತು. ಆಮೇಲೆ ಊರಿನ ಜನ ಸ್ವಂತ ಮನೆಯ ಮಾಡು, ಗೋಡೆಗಳನ್ನೂ ಅನುಮಾನದಿಂದ ನೋಡತೊಡಗಿದರಂತೆ. ಮೂರು ಜನ ಸೆನೆಟರುಗಳು! ದೇಶದ ಅತಿ ಗೌರವದ ಪದವಿಯಲ್ಲಿದ್ದವರು ಅಟ್ಟದ ಧೂಳಿನಲ್ಲಿ ಮಲಗಿದ್ದಾರೆ. ಕದ್ದು ನೋಡುವ ಚಟ ಹಿಡಿದ ಆಡಳಿತ ನೋಡುವವನನ್ನೂ ಎಂಥ ಸ್ಥಿತಿಗೆ ತರುತ್ತದೆ ನೋಡು.

ನಿನ್ನ ಆಫೀಸಿನಲ್ಲಿ ಇದರ ಸಣ್ಣ ರೂಪಗಳು ನಿನಗೆ ಸಿಗುತ್ತವೆ. ಮೀಟಿಂಗಿನಲ್ಲಿ ಬಾಸ್ ಮಾತಾಡುವಾಗ ಯಾರು ನಕ್ಕರು, ಯಾರು ತಲೆಯಾಡಿಸಲಿಲ್ಲ ಎಂದು ಲೆಕ್ಕ ಇಡುವವರು ಇರುತ್ತಾರೆ. ಚಹಾದ ಹೊತ್ತಿನಲ್ಲಿ ನಿನ್ನ ಬಾಯಿಂದ ಒಂದು ಮಾತು ಹೊರಡಿಸಿ ಮೇಲಕ್ಕೆ ಮುಟ್ಟಿಸುವವರೂ ಇರುತ್ತಾರೆ. ಮುಂಬಯಿಯ ಕಂಪನಿ ಜಗತ್ತಿನ ಈ ಮುಖವನ್ನು ಕನ್ನಡದಲ್ಲಿ ಕಂಡಂತೆ ಬರೆದವರು ಯಶವಂತ ಚಿತ್ತಾಲರು. ಹನೇಹಳ್ಳಿಯಿಂದ ಬಂದು ರಸಾಯನ ಉದ್ಯಮದಲ್ಲಿ ದುಡಿದು ಬಾಂದ್ರಾದಲ್ಲಿ ಬಾಳಿದ ಅವರ ‘ಶಿಕಾರಿ’ 1979ರಲ್ಲಿ ಬಂತು. ಬೆನ್ನಟ್ಟಿದವರು ಯಾರು, ಯಾಕೆ ಎಂಬುದೇ ಮೊದಲಿಗೆ ತಿಳಿಯದೆ ಒದ್ದಾಡುವ ನಾಗಪ್ಪನ ಕತೆ ಅದು. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಓದು ಎಂದು ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಹೇಳುತ್ತ ಬಂದಿದ್ದೇನೆ, ನಿನಗೂ ಹೇಳುತ್ತೇನೆ. ಆಫೀಸಿನಲ್ಲಿ ನಿನ್ನ ಕೆಲಸ ಇಷ್ಟೇ. ಸಿಗದ ಖುಷಿಯನ್ನು ಮುಖದ ಮೇಲೆ ಹಚ್ಚಿಕೊಳ್ಳಬೇಡ. ನಿದ್ದೆ ಬಂದರೆ ಬಂತು. ಮತ್ತೆ ಎಂಥ ಬಡ್ತಿ ಸಿಗುತ್ತದೆಂದರೂ ಇನ್ನೊಬ್ಬನ ಮಾತು ಕದ್ದು ಕೇಳಲು ಅಟ್ಟ ಹತ್ತಬೇಡ.

ಫೋನಿನ ವಿಷಯದಲ್ಲಿ ಬೈಯುವುದಿಲ್ಲ. ಮರೀನ್ ಡ್ರೈವಿನಲ್ಲಿ ಸೂರ್ಯ ಮುಳುಗುವಾಗ ನೀನು ರೀಲ್ ಮಾಡಿ ಹಾಕಿದರೆ ನನಗೂ ಕಳಿಸು, ನೋಡುತ್ತೇನೆ. ಊರಲ್ಲಿರುವ ನಿನ್ನ ತಾಯಿಗೆ ನಿನ್ನ ಮುಖ ಕಾಣುವುದು ಅದರಲ್ಲೇ. ಆದರೆ ಹಾಕಿದ ಮೇಲೆ ಎಷ್ಟು ಜನ ನೋಡಿದರು ಎಂದು ಗಳಿಗೆಗೊಮ್ಮೆ ತೆಗೆದು ನೋಡುತ್ತೀಯಲ್ಲ, ಅಲ್ಲಿ ನೀರೋನ ಕತೆ ನೆನಪಿಸಿಕೋ. ಬಾಗಿಲು ಹಾಕಿಸಿ ಕೂರಿಸಿದರೂ ಅವನಿಗೆ ಸಿಕ್ಕದ್ದು ಮುಖಗಳು. ಮೆಚ್ಚುಗೆ ಸಿಗಲಿಲ್ಲ. ಸಿಕ್ಕಿಲ್ಲವೆಂದು ಅವನಿಗೂ ಒಳಗೆ ಗೊತ್ತಿತ್ತು, ಇಲ್ಲದಿದ್ದರೆ ಬೇಹಿನವರನ್ನು ಯಾಕೆ ಇಡುತ್ತಿದ್ದ?

ದೃಷ್ಟಿಯ ಬಗ್ಗೆಯೂ ಎರಡು ಮಾತು. ಶನಿವಾರ ಬೆಳಗ್ಗೆ ಈ ಊರಿನ ಅಂಗಡಿಗಳ ಮುಂದೆ ಒಂದು ಲಿಂಬೆಹಣ್ಣು, ಏಳು ಹಸಿಮೆಣಸು ಪೋಣಿಸಿದ ಹೊಸ ದಾರ ತೂಗುತ್ತದೆ. ನಿನ್ನ ಅಜ್ಜಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ರೋಮನರೂ ಮಕ್ಕಳ ಕೊರಳಿಗೆ ತಾಯಿತ ಕಟ್ಟುತ್ತಿದ್ದರು, ಹೊಟ್ಟೆಕಿಚ್ಚಿನ ಕಣ್ಣನ್ನು ಹಾವು ಚೇಳು ಈಟಿಗಳು ಮುತ್ತಿರುವ ಚಿತ್ರಗಳನ್ನು ನೆಲಕ್ಕೆ ಕೂರಿಸುತ್ತಿದ್ದರು. ಕಣ್ಣಿನಿಂದ ಏನೋ ಹೊರಟು ಬಂದು ಮೈಗೆ ತಾಗುತ್ತದೆ ಎಂದು ಪ್ಲುಟಾರ್ಕನಂಥ ವಿದ್ವಾಂಸನೂ ಚರ್ಚೆ ಮಾಡಿದ್ದಾನೆ. ಹಾಗೆ ಏನೂ ಹೊರಟು ಬರುವುದಿಲ್ಲ ಮಗೂ. ಅಜ್ಜಿ ನಿವಾಳಿಸಿದರೆ ತಲೆಯೊಡ್ಡು, ಅದು ಅವಳ ಪ್ರೀತಿ. ಆದರೆ ಯಾರದೋ ಕಣ್ಣು ಬಿದ್ದೀತೆಂದು ನಿನ್ನ ಒಳ್ಳೆಯ ಸುದ್ದಿಯನ್ನು ನಿನ್ನವರಿಂದ ಮುಚ್ಚಿಡಬೇಡ. ಕೆಲಸ ಕಳೆದುಕೊಂಡು ಕುಳಿತಿರುವ ಗೆಳೆಯನ ಮುಂದೆ ಬೋನಸ್ಸಿನ ಮಾತೆತ್ತದಿದ್ದರೆ ಸಾಕು.

ದಿಟ್ಟಿಸುವ ಕಣ್ಣಿನ ಬಗ್ಗೆ ಮಾತ್ರ ಕಟುವಾಗಿ ಹೇಳಬೇಕಾಗಿದೆ. 1992ರ ಮೇ ತಿಂಗಳಲ್ಲಿ ಚರ್ಚ್‌ಗೇಟಿನಿಂದ ಬೋರಿವಲಿಗೆ ಮೊದಲ ಲೇಡೀಸ್ ಸ್ಪೆಷಲ್ ಗಾಡಿ ಹೊರಟಿತು. ಒಂದು ಇಡೀ ರೈಲನ್ನೇ ಹೆಂಗಸರಿಗೆಂದು ಓಡಿಸಬೇಕಾಯಿತೆಂದರೆ ಈ ಊರಿನ ಗಂಡಸರ ನೋಟ ಅದೆಷ್ಟು ಭಾರವಾಗಿತ್ತೆಂದು ಯೋಚಿಸು. ಸೆಕೆಂಡ್ ಕ್ಲಾಸಿನ ಜನರಲ್ ಡಬ್ಬಿಯಲ್ಲಿ ಬ್ಯಾಗನ್ನು ಎದೆಗವಚಿಕೊಂಡು ನಿಂತು ನಾನೂ ಓಡಾಡಿದ್ದೇನೆ. ನೀನು ಹುಡುಗನಾದರೆ ಕೇಳು, ನಿನ್ನ ಕಣ್ಣು ನಿನ್ನ ಅಂಕೆಯಲ್ಲಿರಲಿ. ನೋಡಿದರೆ ಏನಾಯಿತು ಎಂದು ಎಂದೂ ಹೇಳಬೇಡ. ಎದುರಿಗಿರುವವಳು ಸೆರಗು ಸರಿಮಾಡಿಕೊಂಡಳೆಂದರೆ ಏನಾಯಿತೆಂದು ಅವಳು ಹೇಳಿಯಾಯಿತು. ನೀನು ಹುಡುಗಿಯಾದರೆ, ನಮ್ಮ ಕಾಲದವರು ಕಲಿಸಿದ ಹಾಗೆ ತಲೆ ತಗ್ಗಿಸಬೇಡ. ತಿರುಗಿ ನೋಡು, ದನಿ ಎತ್ತಿ ಕೇಳು. ಬೆನ್ನುಹತ್ತುವುದು, ಕದ್ದು ನೋಡಿ ಚಿತ್ರ ತೆಗೆಯುವುದು 2013ರಿಂದ ಕಾನೂನಿನಲ್ಲಿ ಪ್ರತ್ಯೇಕ ಅಪರಾಧಗಳು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು ಕ್ರಮವಾಗಿ 78 ಮತ್ತು 77ನೇ ಕಲಮುಗಳು. ರೈಲಿನಲ್ಲಿ 139, ಬೇರೆಲ್ಲಾದರೂ 112. ಎರಡೂ ನಂಬರು ಫೋನಿನಲ್ಲಿ ಈಗಲೇ ಹಾಕಿಕೋ.

ಇಷ್ಟೆಲ್ಲ ಕಣ್ಣುಗಳನ್ನು ಹೊರಗಿಡು ಎಂದೆ. ಒಳಗೆ ಬಿಟ್ಟುಕೊಳ್ಳುವುದು ಯಾರನ್ನು? ನೀರೋ ಹುಡುಗನಾಗಿದ್ದಾಗ ಅವನಿಗೆ ಪಾಠ ಹೇಳಿದವನು ಸೆನೆಕ. ಕಣ್ಣುಗಳ ಆ ನಾಟಕಶಾಲೆಯನ್ನು ತೀರ ಒಳಗಿನಿಂದ ಕಂಡವನು. ಮುಪ್ಪಿನಲ್ಲಿ ಆಸ್ಥಾನದಿಂದ ಹಿಂದೆ ಸರಿದು ಲುಸಿಲಿಯಸ್ ಎಂಬ ಕಿರಿಯ ಸ್ನೇಹಿತನಿಗೆ ಪತ್ರಗಳನ್ನು ಬರೆದ. ಅವುಗಳಲ್ಲಿ ಒಂದು ಬುದ್ಧಿಮಾತು ಮತ್ತೆ ಮತ್ತೆ ಬರುತ್ತದೆ. ನಿನಗೆ ಗೌರವವಿರುವ ಒಬ್ಬ ಒಳ್ಳೆಯ ಮನುಷ್ಯನನ್ನು ಆರಿಸಿಕೋ, ಅವನು ಸದಾ ನೋಡುತ್ತಿದ್ದಾನೆ ಎಂಬಂತೆ ಬದುಕು. ಹಿಂದಿನ ಹಿರಿಯರಲ್ಲಿ ಕೇಟೋನನ್ನು ಆರಿಸಿಕೋ, ಅವನು ತೀರ ಬಿಗಿ ಎನಿಸಿದರೆ ಮೃದು ಸ್ವಭಾವದ ಲೇಲಿಯಸ್‌ನನ್ನು ಆರಿಸಿಕೋ ಎನ್ನುತ್ತಾನೆ. ಆಯ್ಕೆ ನಿನಗೆ ಬಿಟ್ಟದ್ದು ಎನ್ನುವುದು ನನಗೆ ಬಹಳ ಹಿಡಿಸಿದ ಮಾತು. ಇನ್ನೊಂದು ಕಡೆ ತನ್ನ ಅಭ್ಯಾಸವನ್ನು ಹೇಳಿಕೊಂಡಿದ್ದಾನೆ. ರಾತ್ರಿ ದೀಪ ತೆಗೆದ ಮೇಲೆ, ಗಂಡನ ರೂಢಿ ಗೊತ್ತಿರುವ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಆ ದಿನ ತಾನು ಆಡಿದ್ದು ಮಾಡಿದ್ದನ್ನೆಲ್ಲ ತಾನೇ ಒಮ್ಮೆ ನೋಡಿಕೊಳ್ಳುತ್ತಿದ್ದ. 65ರಲ್ಲಿ ನೀರೋನ ಅಪ್ಪಣೆಯಂತೆ ಅವನು ಪ್ರಾಣ ಬಿಡಬೇಕಾಯಿತು. ಸಾಯುವ ಗಳಿಗೆಯಲ್ಲೂ ಸ್ನೇಹಿತರಿಗೆ ಧೈರ್ಯ ಹೇಳುತ್ತಿದ್ದನೆಂದು ಟ್ಯಾಸಿಟಸ್ ಬರೆದಿದ್ದಾನೆ.

ನಮ್ಮಲ್ಲಿ ಇದೇ ಮಾತನ್ನು ಬಾಳೆಹಣ್ಣಿನ ಕತೆಯಲ್ಲಿ ಹೇಳುತ್ತಾರೆ. ಯಾರೂ ಇಲ್ಲದ ಕಡೆ ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆಲ್ಲ ಹಣ್ಣು ಕೊಟ್ಟರು. ಒಬ್ಬ ಬಾಗಿಲ ಹಿಂದೆ, ಒಬ್ಬ ಕಂಬಳಿಯೊಳಗೆ ತಿಂದು ಬಂದ. ದೇವರಿಲ್ಲದ ಜಾಗ ಸಿಗಲಿಲ್ಲವೆಂದು ಕನಕದಾಸರು ಹಣ್ಣನ್ನು ಹಾಗೆಯೇ ತಂದರು. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಕೇಳುತ್ತಿದ್ದರು, ಟೀಚರ್, ಕನಕದಾಸರಿಗೆ ಹೆದರಿಕೆಯಾಯಿತೇ ಎಂದು. ಇಲ್ಲ. ಹೆದರಿದವರು ಬಾಗಿಲ ಹಿಂದೆ ಹೋದವರು. ಅವರಿಗೆ ಗೊತ್ತಿದ್ದದ್ದು ಮನುಷ್ಯರ ಕಣ್ಣು ಮಾತ್ರ. ಕನಕದಾಸರ ಜೊತೆಯಲ್ಲಿದ್ದ ಕಣ್ಣು ಅವರು ಪ್ರೀತಿಸಿದ ಕಣ್ಣು.

ನಾನು ಆರಿಸಿಕೊಂಡದ್ದು ನಮ್ಮ ಚಾಳಿನಲ್ಲಿದ್ದ ರಾತ್ರಿಶಾಲೆಯ ಒಬ್ಬ ಮೇಷ್ಟ್ರನ್ನು. ಹಗಲೆಲ್ಲ ಗುಮಾಸ್ತಿಕೆ, ರಾತ್ರಿ ಪಾಠ, ಆಮೇಲೆ ಗ್ಯಾಲರಿಯ ದೀಪದ ಕೆಳಗೆ ಮಣೆ ಹಾಕಿಕೊಂಡು ಕಾಪಿ ತಿದ್ದುವುದು. ಹೋಟೆಲ್ ಹುಡುಗರ ಕಾಪಿಗಳಲ್ಲಿ ಎಣ್ಣೆಯ ಬೆರಳಚ್ಚು ಇರುತ್ತಿತ್ತು. ಅವರು ಒಂದೊಂದು ಪುಟವನ್ನೂ ಕಣ್ಣಿನ ಹತ್ತಿರ ಹಿಡಿದು, ತಪ್ಪಾದ ಅಕ್ಷರದ ಮೇಲೆ ಕೆಂಪು ಗೀಟು ಎಳೆಯದೆ, ಪಕ್ಕದಲ್ಲಿ ಅದೇ ಅಕ್ಷರವನ್ನು ದುಂಡಗೆ ಬರೆದುಕೊಡುತ್ತಿದ್ದರು. ನಾನು ಟೀಚರಾದ ಮೇಲೆ ಕೋಪ ಬಂದಾಗಲೆಲ್ಲ ಅವರು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ ಎಂದುಕೊಳ್ಳುತ್ತಿದ್ದೆ. ಎತ್ತಿದ ಕೈ ಕೆಳಗಿಳಿಯುತ್ತಿತ್ತು. ನಿನಗೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಪ್ರಸಿದ್ಧರಾಗಿರಬೇಕಿಲ್ಲ, ಬದುಕಿರಲೂ ಬೇಕಿಲ್ಲ. ನಿನ್ನ ತಪ್ಪು ಕಂಡೂ ನಿನ್ನ ಮೇಲೆ ಅಕ್ಕರೆ ಕಳೆದುಕೊಳ್ಳದವರಾಗಿದ್ದರೆ ಆಯಿತು.

ಇನ್ನು ನಿನ್ನ ಕಣ್ಣಿನ ಮಾತು. ಗಣೇಶ ಚೌತಿಗೆ ಮುಂಚೆ ಲಾಲ್‌ಬಾಗ್, ಪರೇಲಿನ ಮೂರ್ತಿ ಕಾರ್ಖಾನೆಗಳಿಗೆ ಒಮ್ಮೆ ಹೋಗಿ ಬಾ. ಬಣ್ಣ, ಪೀತಾಂಬರ, ಕಿರೀಟ ಎಲ್ಲ ಮುಗಿದಿರುತ್ತದೆ, ಕಣ್ಣಿನ ಜಾಗ ಮಾತ್ರ ಬರಿದಾಗಿರುತ್ತದೆ. ಕಣ್ಣು ಬರೆಯುವುದನ್ನು ಮರಾಠಿಯಲ್ಲಿ ಆಖಣಿ ಎನ್ನುತ್ತಾರೆ. ಅದು ಕೈ ಪಳಗಿದವರ ಕೆಲಸ. ಸಣ್ಣ ಕುಂಚ ಹಿಡಿದ ಕಲಾವಿದ ಉಸಿರು ಬಿಗಿಹಿಡಿದು ರೆಪ್ಪೆಯ ಗೆರೆ ಎಳೆಯುತ್ತಾನೆ, ಪಾಪೆ ತುಂಬುತ್ತಾನೆ, ಕೊನೆಗೆ ಕಪ್ಪಿನ ನಡುವೆ ಒಂದು ಬಿಳಿ ಚುಕ್ಕೆ ಇಡುತ್ತಾನೆ. ಅಷ್ಟು ಹೊತ್ತು ಮಣ್ಣಾಗಿದ್ದದ್ದು ಆಗ ನಮ್ಮನ್ನು ನೋಡತೊಡಗುತ್ತದೆ. ರೋಮನ್ ಶಿಲ್ಪಿಗಳೂ ಅಮೃತಶಿಲೆಯ ಮುಖಗಳಿಗೆ ಮೊದಲು ಕಣ್ಣನ್ನು ಬಣ್ಣದಲ್ಲಿ ಬರೆಯುತ್ತಿದ್ದರು. ಸಾಮ್ರಾಟ ಹೇಡ್ರಿಯನ್ನನ ಕಾಲದಿಂದ, ಅಂದರೆ ಎರಡನೆಯ ಶತಮಾನದಿಂದ, ಪಾಪೆಯನ್ನು ಕೊರೆಯುವುದು ರೂಢಿಯಾಯಿತು. 2023ರ ಡಿಸೆಂಬರಿನಲ್ಲಿ ಗ್ರೀಸ್, ರೋಮುಗಳ ಪ್ರತಿಮೆಗಳು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ ಬಂದಿದ್ದಾಗ ಅವುಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಕಲ್ಲಿಗೂ ನೋಟ ಬೇಕು ಎಂದು ಇಷ್ಟೊಂದು ಶ್ರಮಪಟ್ಟವರು, ಎದುರಿಗಿರುವ ಗುಲಾಮನನ್ನು ಕಣ್ಣೆತ್ತಿ ನೋಡದೆ ಬದುಕಿದರಲ್ಲ ಎಂದು ಸಂಕಟವಾಯಿತು.

ನಾವೂ ಈಗ ಹಾಗೆಯೇ ಆಗುತ್ತಿದ್ದೇವೆ. ಚಾಳಿನ ಬಾಗಿಲು ಮುಚ್ಚಿತು, ಒಳ್ಳೆಯದಾಯಿತು. ಆದರೆ ಮೂರನೆಯ ಖೋಲಿಯ ಅಜ್ಜಿ ಈಗ ಹದಿನೇಳನೆಯ ಮಹಡಿಯಲ್ಲಿದ್ದಾಳೆ, ಮಗ ಅಮೆರಿಕದಲ್ಲಿ, ನೀರಿಗೆ ಹೊರಗೆ ಬರಬೇಕಾದ ಅಗತ್ಯವೂ ಅವಳಿಗಿಲ್ಲ. ಪಡಸಾಲೆಯ ಕ್ಯಾಮೆರಾ ಅವಳ ಮುಚ್ಚಿದ ಬಾಗಿಲನ್ನು ದಿನವೆಲ್ಲ ನೋಡುತ್ತಿರುತ್ತದೆ. ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಅದು ಕೇಳುವುದಿಲ್ಲ. ಗೇಟಿನ ವಾಚ್‌ಮನ್ ಹನ್ನೆರಡು ಗಂಟೆ ಎಲ್ಲರನ್ನೂ ನೋಡುತ್ತಾನೆ, ಅವನ ಮುಖ ನೋಡುವವರಿಲ್ಲ. ಹೋಟೆಲಿನಲ್ಲಿ ನಿನ್ನ ಮೇಜು ಒರೆಸುವ ಹುಡುಗ ಈಗ ಕುಂದಾಪುರದವನಲ್ಲ, ಒಡಿಶಾದವನೋ ನೇಪಾಳದವನೋ ಆಗಿದ್ದಾನೆ. ಗಲ್ಲಾದ ಕಣ್ಣು ಅವನ ಮೇಲೂ ಇದೆ. ರಾತ್ರಿಶಾಲೆ ಅವನಿಗಿಲ್ಲ.

ಅದಕ್ಕೆ ನಿನ್ನಲ್ಲಿ ಕೇಳಿಕೊಳ್ಳುತ್ತೇನೆ. ನಾಳೆ ಕೆಲಸಕ್ಕೆ ಹೊರಡುವಾಗ ವಾಚ್‌ಮನ್‌ನ ಹೆಸರು, ಊರು ಕೇಳು. ನಿನ್ನ ಮಹಡಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರಿದ್ದಾರೆಂದು ಅವನಿಗೇ ಗೊತ್ತಿರುತ್ತದೆ, ತಿಳಿದುಕೋ. ಭಾನುವಾರ ಒಮ್ಮೆ ಅವರ ಬೆಲ್ ಒತ್ತಿ, ನಾನು ಪಕ್ಕದ ಮನೆಯಲ್ಲೇ ಇರುವುದು, ಏನಾದರೂ ಬೇಕಿತ್ತೇ ಎಂದು ಕೇಳು. ನಿನ್ನ ಕೈಯಲ್ಲಾಗದ ತೊಂದರೆ ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡು. ದೇಶದ ಯಾವ ಮೂಲೆಯಿಂದಲೂ ಅದಕ್ಕೆ ದುಡ್ಡಿಲ್ಲ.